ಐದು ಪಂಕ್ಚರ್, ಒಂದೇ ಚಕ್ರ: ಹಳೆಯ ಎಂಟಿಬಿಯನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನದು 2012ರಲ್ಲಿ ಕೊಂಡ 26 ಇಂಚಿನ ಮೌಂಟನ್ ಬೈಕು (ಎಂಟಿಬಿ). ಹಿಂದೆ 7 ಗೇರು, ಮುಂದೆ 3, ರಿಮ್ಮನ್ನು ಹಿಡಿಯುವ ವಿ-ಬ್ರೇಕು. ನಾಲ್ಕು ವರ್ಷ ಜಗಲಿಯ ಮೂಲೆಯಲ್ಲಿ ಹಾಗೇ ನಿಂತಿತ್ತು. ಈಗ ಹಿರಿಯೂರಿನ ಪಕ್ಕದ ಹಳ್ಳಿಯಿಂದ ದಿನಕ್ಕೆ 14 ಕಿ.ಮೀ. ಓಡಿಸುತ್ತಿದ್ದೇನೆ. ಅರ್ಧ ದಾರಿ ಹೊಲದ ಮಣ್ಣುರಸ್ತೆ, ಇನ್ನರ್ಧ ಹೆದ್ದಾರಿಯ ಅಂಚು. ಎರಡು ತಿಂಗಳಲ್ಲಿ ಐದು ಪಂಕ್ಚರ್, ಐದೂ ಹಿಂದಿನ ಚಕ್ರಕ್ಕೆ. ಹಳೆಯ ಟ್ಯೂಬಿನ ಹೊರಮೈಯಲ್ಲಿ ವಾಲ್ವಿನಿಂದ ಒಂದು ಗೇಣು ದೂರಕ್ಕೆ ಎರಡು ಪ್ಯಾಚು ಅಕ್ಕಪಕ್ಕದಲ್ಲೇ ಇವೆ. ರಿಮ್ ಕಡೆಯ ಮೈಯಲ್ಲಿ ಒಂದೇ ಸಲ ಎರಡು ಸಣ್ಣ ಸೀಳು, ಅಡ್ಡಸಾಲಿನಲ್ಲಿ. ಒಂದು ಪ್ಯಾಚು ಎರಡೇ ದಿನಕ್ಕೆ ಬಿಟ್ಟುಕೊಂಡಿತು. ಬೇಸತ್ತು ಹೊಸ ಟ್ಯೂಬ್ ಹಾಕಿಸಿದೆ, ಅದು ವಾಲ್ವಿನ ಬುಡದಲ್ಲೇ ಹರಿಯಿತು. ಇದರ ಜೊತೆಗೆ ಒತ್ತಿ ತುಳಿದರೆ ಚೈನು ಜಾರುತ್ತದೆ, ಹಿಂದಿನ ಬ್ರೇಕು ಕಿರುಚುತ್ತದೆ. ರಿಪೇರಿ ಮಾಡಲೇ, ಗುಜರಿಗೆ ಹಾಕಲೇ?

ಉತ್ತರ: ಗುಜರಿಯ ಮಾತು ಆಮೇಲೆ. ಪಂಕ್ಚರ್ ಎಂದು ಒಂದೇ ಹೆಸರಿನಿಂದ ಕರೆದರೂ ನಿಮ್ಮ ಚಕ್ರಕ್ಕೆ ಬಂದಿರುವುದು ನಾಲ್ಕು ಬೇರೆ ಬೇರೆ ಕಾಯಿಲೆ. ಎಲ್ಲದಕ್ಕೂ ಒಂದೇ ಔಷಧ ಬಿದ್ದಿದೆ. ಪ್ರತಿ ಸಲ ತೂತು ಮುಚ್ಚಿದೆ, ತೂತು ಮಾಡಿದ್ದು ಮಾತ್ರ ಟೈರಿನೊಳಗೆ ಹಾಯಾಗಿ ಕುಳಿತಿದೆ. ತೂತು ಯಾವ ಮೈಯಲ್ಲಿದೆ, ಯಾವ ಆಕಾರದಲ್ಲಿದೆ, ವಾಲ್ವಿನಿಂದ ಎಷ್ಟು ದೂರದಲ್ಲಿದೆ ಎಂಬ ಮೂರು ವಿಷಯ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ನೀವು ಆ ಮೂರನ್ನೂ ಬರೆದಿದ್ದೀರಿ, ಹಾಗಾಗಿ ಊಹೆಯ ಕೆಲಸ ಕಡಿಮೆ.

ಎಲ್ಲವೂ ಹಿಂದಿನ ಚಕ್ರಕ್ಕೇ ಬರುವುದರಲ್ಲಿ ಆಶ್ಚರ್ಯವಿಲ್ಲ. ಸವಾರನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಹಿಂದಕ್ಕೆ. ಮುಂದಿನ ಚಕ್ರ ಮಲಗಿದ್ದ ಮುಳ್ಳನ್ನು ಎಬ್ಬಿಸಿ ನಿಲ್ಲಿಸುತ್ತದೆ, ಹಿಂದಿನದು ಅದರ ಮೇಲೆ ಹತ್ತುತ್ತದೆ.

ಹೊರಮೈಯ ಎರಡು ಪ್ಯಾಚು

ಪಂಕ್ಚರ್ ಹಾಕುವವರು ಸಾಮಾನ್ಯವಾಗಿ ಟೈರಿನ ಒಂದು ಪಕ್ಕವನ್ನಷ್ಟೇ ಬಿಚ್ಚಿ ಟ್ಯೂಬ್ ಎಳೆಯುತ್ತಾರೆ. ಟೈರು ರಿಮ್ಮಿನ ಮೇಲೆ ಇದ್ದ ಜಾಗದಲ್ಲೇ ಇರುತ್ತದೆ. ಹೀಗಿರುವಾಗ ಎರಡನೇ ತೂತೂ ಮೊದಲನೆಯದರ ಪಕ್ಕದಲ್ಲೇ ಆಗಿದೆ ಎಂದರೆ ಚುಚ್ಚಿದ ವಸ್ತು ಇನ್ನೂ ಟೈರಿನಲ್ಲೇ ಇದೆ. ನಿಮ್ಮ ದಾರಿಯಲ್ಲಿ ಮೂವರ ಮೇಲೆ ಅನುಮಾನ ಪಡಬಹುದು. ಮೊದಲನೆಯದು ಬೇಲಿ ಸವರಿ ರಸ್ತೆಗೆ ಬಿಟ್ಟ ಬಳ್ಳಾರಿ ಜಾಲಿಯ ಮುಳ್ಳು. ಎರಡನೆಯದು ನೆಗ್ಗಿಲು. ಮಳೆ ಬಿದ್ದ ಮೇಲೆ ರಸ್ತೆಯ ಅಂಚಿನಲ್ಲಿ ಹಳದಿ ಹೂ ಬಿಟ್ಟು ಹರಡುವ ಈ ಬಳ್ಳಿಯ ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತದೆ. ಹೋಳು ಹೇಗೇ ಬಿದ್ದರೂ ಒಂದಾದರೂ ಮುಳ್ಳು ಮೇಲ್ಮುಖವಾಗಿರುತ್ತದೆ. ಕಾಯಿಯ ಭಾಗ ಹೊರಗೆ ಮುರಿದು ಬಿದ್ದು ಮುಳ್ಳಿನ ಮೊನೆ ರಬ್ಬರಿನೊಳಗೆ ಉಳಿದುಬಿಟ್ಟರೆ ಹೊರಗಿನಿಂದ ಏನೂ ಕಾಣದು. ಮೂರನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಿಲಾಡಿ, ಹೆದ್ದಾರಿಯಲ್ಲಿ ಒಡೆದ ಲಾರಿ ಟೈರುಗಳಿಂದ ಉದುರುವ ಕೂದಲಿನಂಥ ಉಕ್ಕಿನ ತಂತಿ. ಅರ್ಧ ಸೆಂಟಿಮೀಟರ್ ಉದ್ದವಿದ್ದರೂ ಸಾಕು. ಚಕ್ರ ಉರುಳಿದಂತೆಲ್ಲ ಒಳಗೆ ಇಳಿಯುತ್ತ ಹೋಗಿ ನಿಧಾನವಾಗಿ ಗಾಳಿ ಬಿಡಿಸುತ್ತದೆ.

ಹುಡುಕುವ ಕ್ರಮ ಹೀಗೆ. ಟೈರನ್ನು ರಿಮ್ಮಿನಿಂದ ಪೂರ್ತಿ ಬಿಚ್ಚಿ, ಒಳಗನ್ನು ಹೊರಗೆ ಮಾಡಿ ಬಿಸಿಲಿಗೆ ಹಿಡಿಯಿರಿ. ಮೊದಲೇ ಬೆರಳಾಡಿಸಬೇಡಿ, ತಂತಿ ಇದ್ದರೆ ಬೆರಳಿಗೇ ಹೋಗುತ್ತದೆ. ಹತ್ತಿಯ ಉಂಡೆಯನ್ನು ಒಳಮೈಯಲ್ಲಿ ಎರಡು ದಿಕ್ಕಿಗೂ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ಅಪರಾಧಿ. ಆ ಜಾಗವನ್ನು ಹೊರಕ್ಕೆ ಬಾಗಿಸಿದರೆ ಮೊನೆ ತಲೆ ಎತ್ತುತ್ತದೆ. ಉಗುರುಕತ್ತರಿಯಲ್ಲೋ ಚಿಮಟದಲ್ಲೋ ಹಿಡಿದು ಎಳೆಯಿರಿ. ಒಂದು ಸಿಕ್ಕಿತೆಂದು ನಿಲ್ಲಿಸದೆ ಪೂರ್ತಿ ಸುತ್ತು ಮುಗಿಸಿ. ಜಾಲಿಯ ಸೀಮೆಯಲ್ಲಿ ಒಂದೇ ಟೈರಿನಲ್ಲಿ ನಾಲ್ಕಾರು ಮುಳ್ಳು ಸಿಗುವುದು ಹೊಸದಲ್ಲ.

ಹುಡುಕಾಟದ ಜಾಗವನ್ನು ಕಿರಿದಾಗಿಸಲು ಒಂದು ಅಭ್ಯಾಸ ಮಾಡಿಕೊಳ್ಳಿ. ಟೈರು ಹಾಕುವಾಗ ಅದರ ಹೆಸರಿನ ಅಚ್ಚು ಯಾವಾಗಲೂ ವಾಲ್ವಿನ ಎದುರಿಗೆ ಬರಲಿ. ಮುಂದೆ ಟ್ಯೂಬಿನಲ್ಲಿ ತೂತು ಸಿಕ್ಕಾಗ ಟ್ಯೂಬನ್ನು ಟೈರಿನ ಪಕ್ಕ ಹಿಡಿದರೆ ಮುಳ್ಳಿನ ಜಾಗ ಒಂದೆರಡು ಇಂಚಿನ ಒಳಗೆ ಗೊತ್ತಾಗುತ್ತದೆ. ಟ್ಯೂಬ್ ಯಾವ ಮಗ್ಗುಲಾಗಿತ್ತು ಎಂಬುದು ಮರೆತಿದ್ದರೆ ವಾಲ್ವಿನ ಎರಡೂ ಬದಿಗೆ ಅಷ್ಟೇ ದೂರ ನೋಡಿ.

ಅಡ್ಡಸಾಲಿನ ಎರಡು ಸೀಳು

ಇದಕ್ಕೆ ಮುಳ್ಳು ಕಾರಣವಲ್ಲ. ಗಾಳಿ ಕಡಿಮೆ ಇರುವ ಟೈರು ಕಲ್ಲಿಗೋ ಗುಂಡಿಯ ಅಂಚಿಗೋ ಬಡಿದಾಗ ಟೈರು ಚಪ್ಪಟೆಯಾಗಿ, ಟ್ಯೂಬ್ ರಿಮ್ಮಿನ ಎರಡು ತುಟಿಗಳ ನಡುವೆ ಸಿಕ್ಕಿ ಎರಡು ಕಡೆ ಕಚ್ಚಿಸಿಕೊಳ್ಳುತ್ತದೆ. ಹಾವು ಕಚ್ಚಿದ ಗುರುತಿನಂತೆ ಜೋಡಿ ಸೀಳು, ನಡುವಿನ ಅಂತರ ಸುಮಾರು ರಿಮ್ಮಿನ ಅಗಲದಷ್ಟು. ಒಂದೇ ಮುಚ್ಚಿ ಇನ್ನೊಂದನ್ನು ಬಿಡುವುದು ಸಾಮಾನ್ಯ ತಪ್ಪು.

ಮದ್ದು ಗಾಳಿಯೇ. 26 × 1.95 ಟೈರಿಗೆ 60ರಿಂದ 70 ಕಿಲೊ ತೂಕದ ಸವಾರನಾದರೆ ಹಿಂದೆ ಗಾಳಿಯ ಒತ್ತಡ 42ರಿಂದ 45 ಪಿಎಸ್‌ಐ, ಮುಂದೆ 36ರಿಂದ 40. ತೂಕ 80 ದಾಟಿದರೆ ಅಥವಾ ಹಿಂದೆ ಚೀಲ ಕಟ್ಟಿದರೆ ಇನ್ನೊಂದು ಐದು ಸೇರಿಸಿ. ಟೈರಿನ ಪಕ್ಕೆಯಲ್ಲಿ ಅಚ್ಚು ಹಾಕಿರುವ ಗರಿಷ್ಠ ಮಿತಿಯನ್ನು ಮಾತ್ರ ದಾಟಬೇಡಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ 'ಗಟ್ಟಿ ಇದೆ' ಎನ್ನುವವರಿಗೆ 25ಕ್ಕೂ 45ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಗೇಜು ಇರುವ ನಿಲುಪಂಪು ಈ ಸೈಕಲ್ಲಿಗಾಗಿ ನೀವು ಕೊಳ್ಳಬಹುದಾದ ಅತ್ಯಂತ ಉಪಯೋಗದ ವಸ್ತು. ಟ್ಯೂಬಿನ ರಬ್ಬರು ತೂತಿಲ್ಲದಿದ್ದರೂ ಗಾಳಿಯನ್ನು ಚೂರುಚೂರೇ ಬಿಡುತ್ತದೆ. ವಾರಕ್ಕೊಮ್ಮೆ ಅಳೆಯಿರಿ.

ಪೆಟ್ರೋಲ್ ಬಂಕಿನಲ್ಲಿ ಹೊಡೆಸುವುದಾದರೆ ಎಚ್ಚರ. ಆ ಯಂತ್ರ ಕಾರಿನ ಟೈರಿಗೆಂದು ಇರುವುದು. ಸೈಕಲ್ ಟ್ಯೂಬು ಕೆಲವೇ ಸೆಕೆಂಡಿನಲ್ಲಿ ಭರ್ತಿಯಾಗಿ ಸಿಡಿಯಬಹುದು. ಚುಟುಕು ಚುಟುಕಾಗಿ ಹಾಕಿ, ನಡುನಡುವೆ ಅಳೆಯಿರಿ. ಬಿಸಿಲಿಗೆ ಟೈರು ಸಿಡಿಯುತ್ತದೆಂದು ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡುವವರಿದ್ದಾರೆ. ಲೆಕ್ಕ ಹಾಕಿದರೆ, 30 ಡಿಗ್ರಿಯಲ್ಲಿ 45 ಪಿಎಸ್‌ಐ ಇದ್ದ ಟೈರು 60 ಡಿಗ್ರಿಗೆ ಕಾದರೂ ಏರುವುದು ಸುಮಾರು 6 ಪಿಎಸ್‌ಐ. ಗಟ್ಟಿ ಟೈರಿಗೆ ಅದು ಲೆಕ್ಕಕ್ಕಿಲ್ಲ. ಸಿಡಿಯುವುದು ಪಕ್ಕೆ ಮೊದಲೇ ಸೀಳಿದ್ದ ಟೈರು, ಬಿಸಿಲಿಗೆ ಅಪವಾದ ಅಷ್ಟೇ.

ಜೋಡಿ ಸೀಳಿನ ಬದಲು ರಿಮ್ ಕಡೆಯ ನಟ್ಟನಡುವೆ ಒಂದೇ ತೂತು ಇದ್ದಿದ್ದರೆ ಅನುಮಾನ ಚಕ್ರದ ಕಡ್ಡಿಗಳ ಮೇಲೆ ಹೋಗಬೇಕಿತ್ತು. ಹಳೆಯ ಸೈಕಲ್ಲುಗಳಲ್ಲಿ ರಿಮ್ಮಿನೊಳಗೆ ಕಡ್ಡಿಯ ತುದಿಗಳನ್ನು ಮುಚ್ಚುವ ರಿಮ್ ಟೇಪು ಒಣಗಿ ಪಕ್ಕಕ್ಕೆ ಸರಿದು ಕಡ್ಡಿಯ ತುದಿ ಅಥವಾ ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲಿನ ತಲೆ ಟ್ಯೂಬಿಗೆ ಉಜ್ಜುತ್ತದೆ. ಟೈರು ಹೇಗೂ ಬಿಚ್ಚಿದ್ದೀರಿ, ಟೇಪನ್ನೂ ನೋಡಿಬಿಡಿ. ಚಾಚಿಕೊಂಡ ಕಡ್ಡಿ ತುದಿಗಳನ್ನು ಅರದಿಂದ ಉಜ್ಜಿ ನಿಪ್ಪಲ್ಲಿಗೆ ಸಮ ಮಾಡಿ. ಹೊಸ ರಿಮ್ ಟೇಪು ಸಿಗದಿದ್ದರೆ ಔಷಧಿ ಅಂಗಡಿಯ ಬಿಳಿ ಬಟ್ಟೆಯ ಅಂಟುಪಟ್ಟಿ ಎರಡು ಸುತ್ತು ಸಾಕು, ವಾಲ್ವಿನ ತೂತು ಬಿಟ್ಟುಕೊಂಡು. ಕರೆಂಟಿನ ಇನ್ಸುಲೇಷನ್ ಟೇಪು ಬೇಡ, ಬಿಸಿಗೆ ಅಂಟು ಕರಗಿ ಜಾರುತ್ತದೆ.

ಎರಡು ದಿನಕ್ಕೆ ಬಿಟ್ಟ ಪ್ಯಾಚು

ಇದು ಆತುರದ ಫಲ. ಸಲ್ಯೂಷನ್ ಎಂಬುದು ಗೋಂದಲ್ಲ. ಅದು ಟ್ಯೂಬಿನ ರಬ್ಬರಿನ ಮೇಲೆ ಒಂದು ಪದರ ಕಟ್ಟಿ, ಪ್ಯಾಚಿನ ತಳದ ಕಿತ್ತಳೆ ಬಣ್ಣದ ಪದರದೊಡನೆ ಬೆಸೆದುಕೊಳ್ಳಬೇಕು. ಅದರಲ್ಲಿರುವ ದ್ರಾವಕ ಆರಿದ ಮೇಲಷ್ಟೇ ಬೆಸುಗೆ ಆಗುವುದು. ಹಸಿಯಾಗಿರುವಾಗಲೇ ಪ್ಯಾಚು ಇಟ್ಟರೆ ದ್ರಾವಕ ಕೆಳಗೆ ಸಿಕ್ಕಿ ಗುಳ್ಳೆಯಾಗುತ್ತದೆ. ಗಾಳಿ ತುಂಬಿದಾಗ ಮೊದಲ ದಿನ ತಡೆದರೂ ಟ್ಯೂಬ್ ಹಿಗ್ಗಿ ಕುಗ್ಗಿದಂತೆ ಅಂಚು ಏಳುತ್ತದೆ.

ಸರಿಯಾಗಿ ಮಾಡುವವರಿಗೆ ಒಂದು ಪ್ಯಾಚಿಗೆ ಹತ್ತು ನಿಮಿಷ ಬೇಕು. ಟ್ಯೂಬನ್ನು ಟೈರಿನ ಹೊರಗೆ ಅದರ ದಪ್ಪದ ಎರಡರಷ್ಟು ಊದಿಸಿ ಕೆನ್ನೆಯ ಹತ್ತಿರ ತಿರುಗಿಸಿ, ಸಿಗದಿದ್ದರೆ ಬಕೆಟ್ಟಿನ ನೀರಿಗೆ ಹಿಡಿಯಿರಿ. ತೂತಿನ ಸುತ್ತ ಬಾಲ್ ಪೆನ್ನಿನಲ್ಲಿ ಅಗಲವಾಗಿ ಅಡ್ಡಗೆರೆ, ಉದ್ದಗೆರೆ ಎಳೆಯಿರಿ. ತೂತಿನ ಮೇಲೇ ಚುಕ್ಕಿ ಇಟ್ಟರೆ ಉಜ್ಜಿದಾಗ ಗುರುತು ಅಳಿಸಿಹೋಗುತ್ತದೆ. ಟ್ಯೂಬ್ ಒರೆಸಿ ಪೂರ್ತಿ ಒಣಗಿಸಿ. ಪ್ಯಾಚಿಗಿಂತ ಬೆರಳಗಲ ಹೆಚ್ಚು ಜಾಗವನ್ನು ಉಪ್ಪುಕಾಗದದಿಂದ ಹೊಳಪು ಹೋಗಿ ಮಾಸಲು ಕಪ್ಪಾಗುವ ತನಕ ಉಜ್ಜಿ. ಟ್ಯೂಬಿನ ಉದ್ದಕ್ಕೂ ಅಚ್ಚಿನ ಏಣು ಒಂದು ಇರುತ್ತದೆ. ಪ್ಯಾಚಿನ ಅಡಿ ಅದು ಬರುವುದಾದರೆ ಸಮತಟ್ಟಾಗುವ ತನಕ ಉಜ್ಜಬೇಕು, ಇಲ್ಲದಿದ್ದರೆ ಏಣಿನ ಪಕ್ಕದ ಕಾಲುವೆಯಲ್ಲೇ ಗಾಳಿ ಹರಿದುಹೋಗುತ್ತದೆ. ಪುಡಿ ಒರೆಸಿದ ಮೇಲೆ ಬೆರಳು ಮುಟ್ಟಿಸಬೇಡಿ. ಸಲ್ಯೂಷನ್ ತೆಳ್ಳಗೆ, ಒಂದೇ ಸಮನಾಗಿ ಹಚ್ಚಿ ಐದು ನಿಮಿಷ ಕಾಯಿರಿ, ಬೇಸಿಗೆಯಾದರೆ ಮೂರು. ಬಾಯಿಂದ ಊದಬೇಡಿ, ಉಸಿರಿನ ತೇವ ಕೂರುತ್ತದೆ. ಅಂಚಿನಲ್ಲಿ ಮುಟ್ಟಿದರೆ ಬೆರಳಿಗೆ ಹತ್ತಬಾರದು, ಆಗ ಹದ. ಪ್ಯಾಚಿನ ಬೆಳ್ಳಿ ಕಾಗದ ಕಿತ್ತು, ನಡುವಿನಿಂದ ಅಂಚಿಗೆ ಚಮಚದ ಬೆನ್ನಿನಿಂದ ಬಲವಾಗಿ ಒತ್ತಿ. ಮೇಲಿನ ಪಾರದರ್ಶಕ ಹಾಳೆ ಹಾಗೇ ಇರಲಿ. ಅದನ್ನು ಕೀಳಲು ಹೋಗಿ ಪ್ಯಾಚಿನ ಅಂಚನ್ನೇ ಎಬ್ಬಿಸುವವರು ಬಹಳ. ಸುತ್ತಲಿನ ಅಂಟಿಗೆ ಚೂರು ಪೌಡರು ಸವರಿದರೆ ಟೈರಿಗೆ ಅಂಟುವುದಿಲ್ಲ.

ಹಳೆಯ ಟ್ಯೂಬಿನಿಂದ ಕತ್ತರಿಸಿದ ತುಂಡನ್ನೇ ಪ್ಯಾಚಾಗಿ ಹಾಕುವ ಪದ್ಧತಿ ನಮ್ಮಲ್ಲಿದೆ. ಎರಡೂ ಮೈ ಚೆನ್ನಾಗಿ ಉಜ್ಜಿದ್ದರೆ ತಕ್ಕಮಟ್ಟಿಗೆ ಹಿಡಿಯುತ್ತದೆ, ಆದರೆ ಬೆಸೆಯುವ ಪದರ ಇಲ್ಲದ್ದರಿಂದ ಸಿದ್ಧ ಪ್ಯಾಚಿನಷ್ಟು ನಂಬಿಕೆಗೆ ಅರ್ಹವಲ್ಲ. ಸಲ್ಯೂಷನ್ ಕೊಳವೆಯ ಮೂತಿ ಒಮ್ಮೆ ಚುಚ್ಚಿದ ಮೇಲೆ ದ್ರಾವಕ ಆರುತ್ತಲೇ ಇರುತ್ತದೆ. ದಾರಿಯಲ್ಲಿ ತೆಗೆದಾಗ ಒಳಗೆ ಒಣಗಿದ ರಬ್ಬರು ಮಾತ್ರ ಸಿಗುತ್ತದೆ. ಹಾಗಾಗಿ ಚೀಲದಲ್ಲಿ ಒಡೆಯದ ಕೊಳವೆಯೊಂದಿರಲಿ. ಪ್ಯಾಚಿನ ಮೇಲೆ ಪ್ಯಾಚು, ಸೀಳಿದ ಏಣು, ವಾಲ್ವಿನ ಬುಡ, ಈ ಮೂರಕ್ಕೆ ಪ್ರಯತ್ನವೇ ಬೇಡ, ಟ್ಯೂಬ್ ಬದಲಿಸಿ.

ವಾಲ್ವಿನ ಬುಡ

ಹೊಸ ಟ್ಯೂಬು ಬುಡದಲ್ಲಿ ಹರಿಯುವುದಕ್ಕೆ ಹೆಚ್ಚಿನ ಸಲ ಕಾರಣ ಟೈರು ರಿಮ್ಮಿನ ಮೇಲೆ ಜಾರುವುದು. ಗಾಳಿ ಕಡಿಮೆ ಇದ್ದು ಜೋರಾಗಿ ತುಳಿದಾಗ ಅಥವಾ ಬ್ರೇಕು ಹಿಡಿದಾಗ ಟೈರು ಚೂರು ಚೂರೇ ತಿರುಗಿ ತನ್ನೊಡನೆ ಟ್ಯೂಬನ್ನೂ ಎಳೆಯುತ್ತದೆ. ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹೊರಗೆ ವಾಲ್ವು ಓರೆಯಾಗಿ ನಿಂತಿದ್ದರೆ ಇದೇ ಅದರ ಮುನ್ಸೂಚನೆ. ಗಾಳಿ ಬಿಟ್ಟು, ಟೈರನ್ನು ಕೈಯಿಂದ ತಿರುಗಿಸಿ ವಾಲ್ವು ನೆಟ್ಟಗೆ ಮಾಡಿ ಮತ್ತೆ ತುಂಬಿ. ನಿಮ್ಮ ಮೂರನೆಯ ಮತ್ತು ಐದನೆಯ ಪಂಕ್ಚರಿಗೆ ತಾಯಿ ಒಂದೇ, ಕಡಿಮೆ ಗಾಳಿ.

ಇನ್ನೊಂದು ಸಾಧ್ಯತೆಯೂ ಇದೆ, ಅಂಗಡಿಯಲ್ಲಿ ಕೊಟ್ಟ ಟ್ಯೂಬೇ ಬೇರೆ ಅಳತೆಯದು. '26 ಇಂಚು' ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಅಳತೆಗಳು ಮಾರಾಟವಾಗುತ್ತವೆ. ಎಂಟಿಬಿಯ 26 ಇಂಚಿನ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 559 ಮಿ.ಮೀ. ಇದು 1933ರಲ್ಲಿ ಅಮೆರಿಕದ ಶ್ವಿನ್ ಕಂಪನಿ ತಂದ ದಪ್ಪ ಬಲೂನ್ ಟೈರಿನ ಅಳತೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಗುಡ್ಡ ಇಳಿಯುವ ಹುಚ್ಚಿನವರು ಆ ಹಳೆಯ ಸೈಕಲ್ಲುಗಳನ್ನೇ ಹಿಡಿದದ್ದರಿಂದ ಮೌಂಟನ್ ಬೈಕಿಗೂ ಅದೇ ಅಂಟಿಕೊಂಡಿತು. 26 × 1⅜ ಎಂಬುದರ ವ್ಯಾಸ 590 ಮಿ.ಮೀ. ಅದರ ಟ್ಯೂಬು ಉದ್ದ ಹೆಚ್ಚು, ದಪ್ಪ ಕಡಿಮೆ. ನಿಮ್ಮ ರಿಮ್ಮಿನೊಳಗೆ ತುರುಕಿದರೆ ಮಡಿಕೆ ಬೀಳುತ್ತದೆ, ಮಡಿಕೆಯಲ್ಲೇ ಹರಿಯುತ್ತದೆ. ಟೈರಿನ ಪಕ್ಕೆಯಲ್ಲಿ 50-559 ಎಂದೋ 53-559 ಎಂದೋ ಇರುವ ಅಂಕಿ ಬರೆದುಕೊಂಡು ಹೋಗಿ. 26 × 1.75/2.125 ಎಂದಿರುವ ಟ್ಯೂಬು 1.95ಕ್ಕೆ ಸರಿಹೋಗುತ್ತದೆ. ವಾಲ್ವು ಸ್ಕೂಟರಿನಂಥ ದಪ್ಪ ಶ್ರೇಡರ್ ಇರಲಿ. ಒಳಗಿನ ಪಿನ್ನು ಸಡಿಲವಾಗಿ ಗಾಳಿ ಬಿಡುತ್ತಿದೆಯೇ ಎಂದು ತಿಳಿಯಲು ಮೂತಿಗೆ ಎಂಜಲು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವ ಹಳೆಯ ಉಪಾಯಕ್ಕಿಂತ ಒಳ್ಳೆಯದು ಬಂದಿಲ್ಲ.

ಟೈರು ಹಾಕುವಾಗ ಟ್ಯೂಬಿಗೆ ದುಂಡಗಾಗುವಷ್ಟೇ ಗಾಳಿ ಇರಲಿ. ವಾಲ್ವಿನ ಎದುರು ತುದಿಯಿಂದ ಟೈರಿನ ಅಂಚನ್ನು ಕೂರಿಸುತ್ತ ಬಂದು ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣು ಬಿಗಿಯಾದರೆ ಈಗಾಗಲೇ ಕೂತಿರುವ ಅಂಚನ್ನು ಸುತ್ತಲೂ ಹಿಂಡಿ ರಿಮ್ಮಿನ ನಡುವಿನ ಹಳ್ಳಕ್ಕೆ ಇಳಿಸಿ, ಆಗ ಹೆಬ್ಬೆರಳಿಗೇ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹೊಸ ಟ್ಯೂಬಿಗೆ ಮೊದಲ ತೂತು ನೀವೇ ಮಾಡಿದಂತೆ. ಟೈರು ಮೀಟುವ ಪ್ಲಾಸ್ಟಿಕ್ ಲಿವರ್ ಮೂರರ ಸೆಟ್ಟಾಗಿ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಮುಗಿದ ಮೇಲೆ ವಾಲ್ವನ್ನು ಒಳಕ್ಕೆ ಒಮ್ಮೆ ಒತ್ತಿ ಬಿಡಿ, ಅದರ ಬುಡ ಟೈರಿನ ಅಂಚಿಗೆ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಎರಡೂ ಪಕ್ಕ ಟ್ಯೂಬ್ ಇಣುಕುತ್ತಿಲ್ಲವೆಂದು ನೋಡಿದ ಮೇಲೆ ಪೂರ್ತಿ ಗಾಳಿ. ವಾಲ್ವಿಗೆ ನಟ್ಟು ಇದ್ದರೆ ಗಾಳಿ ತುಂಬಿದ ಮೇಲೆ ಕೈಯಿಂದ ತಿರುಗಿಸಿದರೆ ಸಾಕು, ಪಾನಾ ಬೇಡ.

ಟೈರನ್ನೇ ಬದಲಿಸಬೇಕೇ?

2012ರ ಟೈರು ಇನ್ನೂ ಅದೇ ಆಗಿದ್ದರೆ, ಹೌದು. ನಾಲ್ಕು ವರ್ಷ ಗಾಳಿಯಿಲ್ಲದೆ ಒಂದೇ ಜಾಗದ ಮೇಲೆ ನಿಂತ ಟೈರಿನ ಪಕ್ಕೆ ಮಡಿಸಿದಲ್ಲಿ ಬಿರಿದಿರುತ್ತದೆ. ಪಕ್ಕೆಯನ್ನು ಬೆರಳಿನಿಂದ ಹಿಂಡಿ. ಕೂದಲೆಳೆಯ ಬಿರುಕು ಮೇಲ್ಮೈಗಷ್ಟೇ ಇದ್ದರೆ ಕೆಲವು ತಿಂಗಳು ಓಡಿಸಬಹುದು, ಬಿರುಕಿನ ಆಳದಲ್ಲಿ ದಾರ ಕಂಡರೆ ಅದರ ಆಯುಸ್ಸು ಮುಗಿಯಿತು. ಎರಡು ಟೈರಿಗೆ ದುಡ್ಡಿಲ್ಲದಿದ್ದರೆ ಹೊಸದನ್ನು ಮುಂದೆ ಹಾಕಿ, ಮುಂದಿನದು ಗಟ್ಟಿ ಇದ್ದರೆ ಹಿಂದಕ್ಕೆ ತನ್ನಿ. ಹಿಂದಿನ ಟೈರು ಒಡೆದರೆ ನಿಲ್ಲಿಸಬಹುದು, ಮುಂದಿನದು ಒಡೆದರೆ ಬೀಳುತ್ತೀರಿ. ನಿಮ್ಮ ದಾರಿಗೆ ಆಳದ ಗುಬಟೆಗಳ ಟೈರು ಬೇಕಿಲ್ಲ. ನಡುವೆ ರಬ್ಬರು ದಟ್ಟವಾಗಿದ್ದು ಅಂಚಿನಲ್ಲಿ ಗುಬಟೆ ಇರುವುದು ಡಾಂಬರಿಗೂ ಮಣ್ಣಿಗೂ ಆಗುತ್ತದೆ. ಗುಬಟೆಗಳ ನಡುವಿನ ತೆಳು ಜಾಗವೇ ಮುಳ್ಳಿನ ಹೆಬ್ಬಾಗಿಲು.

ಟೈರಿನಲ್ಲಿ ಸೆಂಟಿಮೀಟರ್ ಉದ್ದದ ಸೀಳು ಇದ್ದು ದಾರಿ ನಡುವೆ ಸಿಕ್ಕಿಕೊಂಡರೆ ಖಾಲಿ ಟೂತ್‌ಪೇಸ್ಟ್ ಕೊಳವೆಯ ತುಂಡನ್ನು ಒಳಗಿನಿಂದ ಸೀಳಿಗೆ ಅಡ್ಡ ಇಟ್ಟು ಗಾಳಿ ಸ್ವಲ್ಪ ಕಡಿಮೆ ಹಾಕಿ ಮನೆ ಸೇರಬಹುದು. ಟೈರಿನೊಳಗೆ ಹಳೆಯ ಟ್ಯೂಬನ್ನು ಸೀಳಿ ಹಾಸುವ ಪದ್ಧತಿ ಜಾಲಿಯ ಊರುಗಳಲ್ಲಿ ಉಂಟು. ಮುಳ್ಳಿಗೆ ಸ್ವಲ್ಪ ಅಡ್ಡಿಯಾಗುತ್ತದೆ, ನಿಜ. ಆದರೆ ಹಾಸಿನ ಕತ್ತರಿಸಿದ ಅಂಚು ಟ್ಯೂಬಿಗೆ ಉಜ್ಜಿ ಹೊಸ ತೂತು ಮಾಡುವುದೂ ಅಷ್ಟೇ ನಿಜ. ಅದಕ್ಕಿಂತ ಟ್ಯೂಬಿಗೆ ಹಾಕುವ ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಮೇಲು. ಮುಳ್ಳು ತೆಗೆದು, ಟ್ಯೂಬ್ ಹೊಸದು ಮಾಡಿ, ಗಾಳಿ ಸರಿ ಇಟ್ಟ ಮೇಲೆ ಪ್ರತಿ ಟ್ಯೂಬಿಗೆ 100ರಿಂದ 120 ಮಿ.ಲೀ. ವಾಲ್ವಿನ ಪಿನ್ನು ಬಿಚ್ಚಿ ಹಾಕಿ, ಪಿನ್ನು ಬಿಗಿದು ಗಾಳಿ ತುಂಬಿ, ಚಕ್ರವನ್ನು ಚೆನ್ನಾಗಿ ತಿರುಗಿಸಿ. ಮುಳ್ಳಿನಷ್ಟು ತೂತು ತಾನೇ ಮುಚ್ಚಿಕೊಳ್ಳುತ್ತದೆ. ಜೋಡಿ ಸೀಳು, ವಾಲ್ವಿನ ಬುಡ ಇವಕ್ಕೆ ಅದು ಉಪಯೋಗವಿಲ್ಲ, ಜೊತೆಗೆ ಮುಂದೆ ಪ್ಯಾಚು ಹಾಕುವಾಗ ಒಳಗಿನ ಲೋಳೆ ಕಾಡುತ್ತದೆ. ಮೊದಲೇ ಸೀಲಂಟ್ ಹಾಕಿ ರೋಗ ಮುಚ್ಚಿಡುವುದು ಮಾತ್ರ ಬೇಡ.

ಕಿರುಚುವ ಬ್ರೇಕು, ಜಾರುವ ಚೈನು

ಬ್ರೇಕಿಗೂ ಪಂಕ್ಚರಿಗೂ ನಂಟಿದೆ, ಆದ್ದರಿಂದ ಅದು ಮೊದಲು. ವಿ-ಬ್ರೇಕಿನ ರಬ್ಬರು ಮೇಲಕ್ಕೆ ಸರಿದು ಟೈರಿನ ಪಕ್ಕೆಗೆ ತಾಗುತ್ತಿದ್ದರೆ ಕೆಲವೇ ದಿನದಲ್ಲಿ ಪಕ್ಕೆ ಸವೆದು ಟ್ಯೂಬು ಬುಗ್ಗೆಯಾಗಿ ಹೊರಬಂದು ಢಬ್ಬೆನ್ನುತ್ತದೆ. ರಬ್ಬರಿನ ಮೇಲಂಚು ರಿಮ್ಮಿನ ಅಂಚಿಗಿಂತ ಒಂದೆರಡು ಮಿ.ಮೀ. ಕೆಳಗಿರಬೇಕು. ಕಿರುಚಾಟಕ್ಕೆ ಕಾರಣ ರಿಮ್ಮಿನ ಜಿಡ್ಡು, ಗಾಜಿನಂತೆ ಗಟ್ಟಿಯಾದ ರಬ್ಬರು ಅಥವಾ ರಬ್ಬರಿನ ಓರೆ. ರಿಮ್ಮನ್ನು ಪಾತ್ರೆ ಸೋಪಿನ ನೀರಿನಿಂದ ತೊಳೆದು ಒರೆಸಿ. ರಬ್ಬರಿನ ಮೈ ಉಪ್ಪುಕಾಗದಕ್ಕೆ ಉಜ್ಜಿ, ಅದರಲ್ಲಿ ಹೊಳೆಯುವ ಲೋಹದ ಚೂರು ಕಚ್ಚಿದ್ದರೆ ಪಿನ್ನಿನಿಂದ ಕೀಳಿ. ಚಕ್ರ ತಿರುಗುವ ದಿಕ್ಕಿನಲ್ಲಿ ಮುಂದಿರುವ ತುದಿ ಮೊದಲು ತಾಗುವಂತೆ, ಹಿಂದಿನ ತುದಿಗೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಸಂದು ಬಿಟ್ಟು ಬಿಗಿಯಿರಿ. ಇಷ್ಟು ವರ್ಷದ ರಬ್ಬರಿಗೆ ಇದೆಲ್ಲ ಮಾಡುವುದಕ್ಕಿಂತ ಹೊಸ ಜೋಡಿ ಹಾಕುವುದೇ ಸುಲಭ. ಕೇಬಲ್ಲನ್ನೂ ಬದಲಿಸಿ. ಹೊರಕವಚ ಕೇಳುವಾಗ ಬ್ರೇಕಿನದ್ದು ಎಂದು ಸ್ಪಷ್ಟವಾಗಿ ಹೇಳಿ. ಗೇರಿನ ಕವಚದಲ್ಲಿ ತಂತಿಗಳು ಉದ್ದುದ್ದ ಇರುತ್ತವೆ, ಬ್ರೇಕಿನ ಎಳೆತಕ್ಕೆ ಅದು ಸೀಳಿಕೊಂಡರೆ ಬ್ರೇಕು ಇಲ್ಲವೇ ಇಲ್ಲ.

ಚೈನನ್ನು ನೋಡಿ ಸವೆತ ತಿಳಿಯದು, ಅಳೆಯಬೇಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಎಣಿಸಿ 24 ಪಿನ್ನು ದಾಟಿದರೆ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಚೈನನ್ನು ಬಿಗಿಯಾಗಿ ಹಿಡಿದು ಉಕ್ಕಿನ ಅಳತೆಪಟ್ಟಿ ಇಡಿ. 306.4 ಬಂದರೆ ಚೈನು ಬದಲಿಸುವ ಸಮಯ. 308 ಮುಟ್ಟಿದರೆ ಅದು ಹಿಂದಿನ ಹಲ್ಲುಗಳನ್ನೂ ತಿಂದುಹಾಕಿದೆ, ಚೈನು ಮಾತ್ರ ಬದಲಿಸಿದರೆ ಹೊಸ ಚೈನೂ ಜಾರುತ್ತದೆ, ಇನ್ನೂ ಜೋರಾಗಿ. ಒತ್ತಿ ತುಳಿದಾಗ ಜಾರುವುದು ಎಂದು ನೀವು ಬರೆದಿರುವುದರಿಂದ ಎರಡೂ ಹೋಗಿರುವ ಸಂಭವವೇ ಹೆಚ್ಚು. ಒಂದು ಪರೀಕ್ಷೆ ಮಾತ್ರ ಮಾಡಿ. ಪೆಡಲನ್ನು ಹಿಂದಕ್ಕೆ ನಿಧಾನ ತಿರುಗಿಸುತ್ತ ಹಿಂದಿನ ಗೇರಿನ ಪುಟ್ಟ ಗಾಲಿಗಳ ಹತ್ತಿರ ನೋಡಿ. ಒಂದು ಕೊಂಡಿ ಮಾತ್ರ ನೆಟ್ಟಗಾಗದೆ ಜಿಗಿಯುತ್ತಿದ್ದರೆ ಅದು ತುಕ್ಕಿಗೆ ಬಿಗಿದ ಕೊಂಡಿ. ಎಣ್ಣೆ ಬಿಟ್ಟು ಪಕ್ಕಕ್ಕೆ ಎರಡು ಸಲ ಬಾಗಿಸಿದರೆ ಸರಿಹೋಗಬಹುದು.

ನಿಮ್ಮ ಕಾಲದ 7 ಗೇರಿನ ಎಂಟಿಬಿಗಳಲ್ಲಿ ಹೆಚ್ಚಿನವಕ್ಕೆ ಇರುವುದು ಚಕ್ರದ ನಡುವಿನ ಹಬ್ಬಿಗೆ ಮರೆಯಿಂದ (ತಿರುಪಿನ ಗೆರೆಗಳಿಂದ) ತಿರುಗಿಸಿ ಕೂರಿಸುವ ಫ್ರೀವೀಲ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗುಂಪು, 14-28 ಹಲ್ಲಿನದು. ತುಳಿದಂತೆಲ್ಲ ಅದು ಬಿಗಿಯಾಗುತ್ತಲೇ ಹೋಗುವುದರಿಂದ ಸರಿಯಾದ ರಿಮೂವರ್ ಇಲ್ಲದೆ ಬಿಚ್ಚಲು ಹೋಗಬೇಡಿ. ಸುತ್ತಿಗೆ, ಉಳಿ ತೆಗೆಯುವ ಅಂಗಡಿಯಿಂದ ಸೈಕಲ್ಲು ತಳ್ಳಿಕೊಂಡು ಹೊರಡಿ. ಹೊಸದು ಹಾಕುವಾಗ ಮರೆಗೆ ಗ್ರೀಸು ಹಚ್ಚದಿದ್ದರೆ ಮುಂದಿನ ಸಲ ಬಿಚ್ಚುವವರು ಶಾಪ ಹಾಕುತ್ತಾರೆ. ಚೈನಿನ ಉದ್ದಕ್ಕೆ ಹಳೆಯದರ ಪಕ್ಕ ಇಟ್ಟು ಅಳೆಯದೆ ಕೊಂಡಿಗಳನ್ನು ಎಣಿಸಿ, ಹಳೆಯದು ಹಿಗ್ಗಿದೆ.

ಎಣ್ಣೆಯ ವಿಷಯದಲ್ಲಿ ಎಲ್ಲರಿಗೂ ಒಂದು ಅಭಿಪ್ರಾಯವಿದೆ, ಬಹುತೇಕ ತಪ್ಪು. ಗ್ರೀಸು ಹಚ್ಚಿದ ಚೈನು ಧೂಳು ಹಿಡಿದು ಅರೆಯುವ ಕಲ್ಲಾಗುತ್ತದೆ. ಬಂಡಿಯಿಂದ ತೆಗೆದ ಕರಿ ಎಂಜಿನ್ ಆಯಿಲಿನಲ್ಲಿ ಲೋಹದ ಪುಡಿಯೇ ಇರುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿ, ಬೇಸಿಗೆಯಲ್ಲಿ ಜಿಗುಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೊಳೆ ತೆಗೆಯಲು ಒಳ್ಳೆಯದು, ಎಣ್ಣೆಯ ಕೆಲಸಕ್ಕೆ ಬಹಳ ತೆಳು. ಸೈಕಲ್ ಚೈನಿಗೆಂದೇ ಇರುವ ಎಣ್ಣೆಯನ್ನು ಪ್ರತಿ ಉರುಳೆಗೆ ಒಂದು ಹನಿಯಂತೆ ಒಳಮಗ್ಗುಲಿನಿಂದ ಬಿಟ್ಟು, ಪೆಡಲು ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗೆ ಉಳಿದದ್ದನ್ನೆಲ್ಲ ಬಟ್ಟೆಯಿಂದ ಒರೆಸಿ. ಎಣ್ಣೆ ಬೇಕಿರುವುದು ಉರುಳೆಯ ಒಳಗೆ, ಹೊರಮೈ ಒಣಗಿದಂತಿರಲಿ. ಧೂಳಿನ ಕಾಲದಲ್ಲಿ ಎರಡು ವಾರಕ್ಕೊಮ್ಮೆ, ಮಳೆಯಲ್ಲಿ ನೆನೆದ ದಿನವೇ ಒಮ್ಮೆ.

ಹಾಗಾದರೆ ಗುಜರಿ?

ಅದನ್ನು ಚೈನು, ಟೈರು ನೋಡಿ ತೀರ್ಮಾನಿಸಬಾರದು, ಅವು ಸವೆಯಲೆಂದೇ ಇರುವ ವಸ್ತುಗಳು. ಫ್ರೇಮಿನ ಬೆಸುಗೆಗಳ ಸುತ್ತ, ಮುಖ್ಯವಾಗಿ ಹ್ಯಾಂಡಲ್ಲಿನ ಕೆಳಗೆ ಮತ್ತು ಎರಡು ಪೆಡಲುಗಳ ನಡುವಿನ ಭಾಗದಲ್ಲಿ, ಬಣ್ಣ ಬಿರಿದು ಗೆರೆ ಕಾಣುತ್ತಿದೆಯೇ ನೋಡಿ. ಬಿರುಕು ಇದ್ದರೆ ಅಲ್ಲಿಗೆ ಮುಗಿಯಿತು. ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದೆಯೇ ನೋಡಿ. ಸರಿದರೆ ಹೊರಗೆಳೆದು, ಸೈಕಲ್ಲು ಬುಡಮೇಲು ಮಾಡಿ ಒಳಗಿನ ನೀರು ಸುರಿಸಿ, ಕಂಬಕ್ಕೆ ಗ್ರೀಸು ಹಚ್ಚಿ ಇಳಿಸಿ. ಉಕ್ಕಿನ ಫ್ರೇಮು ಒಳಗಿನಿಂದಲೇ ತುಕ್ಕು ಹಿಡಿಯುವುದು.

ಆಮೇಲೆ ಅಲುಗಾಟ. ಹಿಂದಿನ ರಿಮ್ಮನ್ನು ಎಡಬಲಕ್ಕೆ ಅಲುಗಿಸಿ, ಪೆಡಲು ಹಿಡಿದಿರುವ ತೋಳುಗಳಾದ ಕ್ರ್ಯಾಂಕುಗಳನ್ನು ಫ್ರೇಮಿನ ಕಡೆಗೆ ತಳ್ಳಿ ಎಳೆಯಿರಿ, ಮುಂದಿನ ಬ್ರೇಕು ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ದೂಡಿ. ಎಲ್ಲಿ 'ಟಕ್' ಎನ್ನುತ್ತದೋ ಅಲ್ಲಿ ಬಾಲ್ಸಿಗೆ ಗ್ರೀಸು ಒಣಗಿದೆ ಅಥವಾ ಬಾಲ್ಸನ್ನು ಒತ್ತಿ ಹಿಡಿಯುವ ಕೋನು ಸಡಿಲಾಗಿದೆ. ಹಬ್ಬು ಬಿಚ್ಚಿದರೆ ಹಿಂದಿನದಕ್ಕೆ ಪ್ರತಿ ಪಕ್ಕ ಕಾಲು ಇಂಚಿನ 9 ಬಾಲ್ಸು, ಮುಂದಿನದಕ್ಕೆ 3/16 ಇಂಚಿನ 10. ಹಳೆಯ ಬಾಲ್ಸು ಹೊಳೆಯುತ್ತಿದ್ದರೂ ಹೊಸದನ್ನೇ ಹಾಕಿ. ಕೋನಿನ ಮೇಲೆ ಗುಳಿ ಬಿದ್ದಿದ್ದರೆ ಕೋನು ಬದಲಿಸಬಹುದು, ಹಬ್ಬಿನ ಒಳಬಟ್ಟಲಿನಲ್ಲಿ ಗುಳಿ ಬಿದ್ದರೆ ಚಕ್ರವನ್ನೇ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬಾಲ್ಸು ತುಂಬ ಒಳಗಿರುವುದರಿಂದ ಆಕ್ಸಲ್ ಆ ಕಡೆ ಬಾಗುತ್ತದೆ. ಚಕ್ರ ಬಿಚ್ಚಿದಾಗ ಆಕ್ಸಲನ್ನು ಬೆರಳಿನಿಂದ ತಿರುಗಿಸಿ, ತುದಿ ಓಲಾಡಿದರೆ ಬದಲಿಸಿ. ಪೆಡಲು ಬಿಚ್ಚುವ ಸಂದರ್ಭ ಬಂದರೆ ಎಡಗಡೆಯದು ಉಲ್ಟಾ ಮರೆ ಎಂಬುದು ನೆನಪಿರಲಿ. ಕ್ರ್ಯಾಂಕು ಸಡಿಲವಾಗಿದ್ದರೆ ಇವತ್ತೇ ಬಿಗಿಯಿರಿ, ಸಡಿಲ ಕ್ರ್ಯಾಂಕಿನಲ್ಲಿ ಒಂದು ವಾರ ತುಳಿದರೆ ಅದರ ಚೌಕ ತೂತು ದುಂಡಗಾಗಿ ಇನ್ನೆಂದೂ ನಿಲ್ಲುವುದಿಲ್ಲ.

ಮುಂದಿನ ಸಸ್ಪೆನ್ಷನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ದರ್ಜೆಯ ಸೈಕಲ್ಲಿನಲ್ಲಿ ಅದು ಸ್ಪ್ರಿಂಗು ಮಾತ್ರ. ಹೊಳೆಯುವ ಕೊಳವೆಯನ್ನು ಒರೆಸಿಟ್ಟರೆ ಸಾಕು. ಗೇರಿನ ತಿರುಪುಗಳನ್ನೂ ಸದ್ಯಕ್ಕೆ ಮುಟ್ಟಬೇಡಿ. ಹೊಸ ಚೈನು, ಫ್ರೀವೀಲ್, ಕೇಬಲ್ಲು ಬಂದ ಮೇಲೆ ಗೇರಿನ ಅರ್ಧ ತಕರಾರು ತಾನಾಗಿ ಹೋಗಿರುತ್ತದೆ. ಸೈಕಲ್ಲು ಬಲಮಗ್ಗುಲಿಗೆ ಎಂದಾದರೂ ಬಿದ್ದಿದ್ದರೆ ಮಾತ್ರ ಹಿಂದಿನಿಂದ ನೋಡಿ. ಗೇರಿನ ತೋಳು ಚಕ್ರಕ್ಕೆ ಸಮಾನಾಂತರವಾಗಿರದೆ ಒಳಕ್ಕೆ ವಾಲಿದ್ದರೆ, ದೊಡ್ಡ ಹಲ್ಲಿಗೆ ಹಾಕಿದ ದಿನ ಅದು ಕಡ್ಡಿಗಳಿಗೆ ಸಿಕ್ಕಿಕೊಂಡು ಚಕ್ರವನ್ನೇ ಮುರಿಯುತ್ತದೆ. ಅದನ್ನು ನೆಟ್ಟಗೆ ಮಾಡಿಸುವ ತನಕ ಆ ಹಲ್ಲಿಗೆ ಹಾಕಬೇಡಿ.

ಫ್ರೇಮು ಗಟ್ಟಿ, ಸೀಟಿನ ಕಂಬ ಸಲೀಸು, ರಿಮ್ಮು ನೇರ ಇದ್ದರೆ ಈ ಸೈಕಲ್ಲನ್ನು ಗುಜರಿಗೆ ಕೊಡಲು ಕಾರಣವೇ ಇಲ್ಲ. ಕೆಲಸದ ಕ್ರಮ ಮಾತ್ರ ಹೀಗಿರಲಿ: ಈ ಭಾನುವಾರ ಟೈರು ಬಿಚ್ಚಿ ಮುಳ್ಳು ಹುಡುಕಿ ರಿಮ್ ಟೇಪು, ಟ್ಯೂಬು, ಬ್ರೇಕಿನ ರಬ್ಬರು, ಬರುವ ತಿಂಗಳು ಚೈನು, ಫ್ರೀವೀಲ್, ಮಳೆಗಾಲಕ್ಕೆ ಮೊದಲು ಹಬ್ಬಿನ ಗ್ರೀಸು. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಹೊಸ ಟ್ಯೂಬು, ಲಿವರುಗಳು, ಪ್ಯಾಚಿನ ಡಬ್ಬಿ, ಹಿಂದಿನ ಚಕ್ರಕ್ಕೆ 15ರ ಪಾನಾ, ಕೈಪಂಪು. ದಾರಿಯಲ್ಲಿ ಪಂಕ್ಚರ್ ಆದರೆ ಮುಳ್ಳು ತೆಗೆದು ಟ್ಯೂಬ್ ಬದಲಿಸಿ ಹೊರಡಿ, ಪ್ಯಾಚು ಹಾಕುವ ಕೆಲಸ ಸಂಜೆ ಮನೆಯ ಜಗಲಿಯಲ್ಲಿ.